ಇರಾಕಿ ದಿನಾರಿನ ಕಟ್ಟು ಮನೆಯಲ್ಲಿದ್ದರೆ ಏನು ಮಾಡುವುದು

ಮಳೆಗಾಲದ ಒಂದು ಮಧ್ಯಾಹ್ನ ಗಂಗೊಳ್ಳಿಯ ಒಬ್ಬ ಹೆಂಗಸು ನಮ್ಮ ಮನೆಗೆ ಬಂದರು. ಕೊಡೆ ಹೊರಗಿಟ್ಟು, ಚೀಲದಿಂದ ಹಳೇ ಬಿಸ್ಕತ್ತಿನ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಎರಡು ಸುತ್ತು ಪ್ಲಾಸ್ಟಿಕ್ಕು, ಅದರೊಳಗೆ ಕೆಂಪು ಬಣ್ಣದ 40 ನೋಟು. ಒಂದೊಂದೂ 25,000 ಇರಾಕಿ ದಿನಾರ್. ಒಟ್ಟು ಹತ್ತು ಲಕ್ಷ. ಗಂಡ ಕುವೈತಿನಲ್ಲಿ ಡ್ರೈವರ್ ಆಗಿದ್ದಾಗ, 2011ರಲ್ಲಿ ಕೊಂಡದ್ದು. ಈಗ ಅವರು ಪಾರ್ಶ್ವವಾಯು ಬಡಿದು ಮನೆಯಲ್ಲಿದ್ದಾರೆ. "ಅಲ್ಲಿ ಸರ್ಕಾರ ಒಂದ್ ಗಟ್ಟಿ ಆಯ್ಲಿ, ಅಲ್ಲಿವರಿಗೆ ಮುಟ್ಬೇಡ ಅಂತ್ರ್. ಹ್ವಾಯ್, ನೀವ್ ಅದೇ ಕೆಲಸದಲ್ಲಿ ಇದ್ದವ್ರ್, ಸಮಾ ಹೇಳಿ. ಸರ್ಕಾರ ಗಟ್ಟಿ ಆಯ್ತಾ ಇಲ್ಯಾ?"

ನಾನು 2002ರಿಂದ 2019ರವರೆಗೆ ಕುವೈತಿನ ಒಂದು ಹಣ ವಿನಿಮಯ ಅಂಗಡಿಯ ಕೌಂಟರಿನಲ್ಲಿ ಕೂತವನು. ಈ ಕೆಂಪು ನೋಟುಗಳನ್ನು ಎಣಿಸಿ ಎಣಿಸಿ ಗಾಜಿನಾಚೆಗೆ ತಳ್ಳಿದವನು. ಕೊಂಡವರು ಎಲ್ಲ ದೇಶದವರು: ಅಮೆರಿಕದ ಸೇನಾ ಶಿಬಿರಗಳಲ್ಲಿ ಗುತ್ತಿಗೆ ಕೆಲಸ ಮಾಡುವವರು, ಫಿಲಿಪ್ಪೀನ್ಸಿನ ನರ್ಸುಗಳು, ನಮ್ಮ ಭಟ್ಕಳ, ಬೈಂದೂರು, ಉಡುಪಿ ಕಡೆಯವರು. ಇರಾಕಿನಲ್ಲಿ ಗಟ್ಟಿ ಸರ್ಕಾರ ಬಂದರೆ ಒಂದು ದಿನಾರಿನ ಬೆಲೆ ಹಿಂದಿನ ಹಾಗೆ ಮೂರು ಡಾಲರಿಗೆ ಏರುತ್ತದೆ ಎಂಬುದು ಅವರ ನಂಬಿಕೆ. ಬೆಲೆ ಏರುತ್ತದಾ ಎಂದು ಕೇಳಿದಾಗ "ನನಗೆ ಗೊತ್ತಿಲ್ಲ" ಎಂದು ಹೇಳಿ ನೋಟು ಕೊಟ್ಟಿದ್ದೇನೆ. ಏರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಬೇಕಿತ್ತು. ಅದಕ್ಕೇ ಇದನ್ನು ಈಗ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಕಪಾಟಿನಲ್ಲಿ ಇಂಥ ಕಟ್ಟು ಇದ್ದರೆ, ಅಥವಾ ಯಾರಾದರೂ ನಿಮಗೆ ಮಾರಲು ಬಂದರೆ, ಹೀಗೆ ಮಾಡಿ.

ಮೊದಲು ನೋಟು ನೋಡಿ

ಸದ್ದಾಂ ಹುಸೇನನ ಮುಖ ಇದ್ದರೆ ಅದು ಹಣವಲ್ಲ. 2003ರ ಅಕ್ಟೋಬರ್ 15ರಿಂದ 2004ರ ಜನವರಿ 15ರವರೆಗೆ ಮೂರು ತಿಂಗಳು ಇರಾಕಿನಲ್ಲಿ ನೋಟು ಬದಲಾವಣೆ ನಡೆಯಿತು. ಸದ್ದಾಂ ಚಿತ್ರದ ಹಳೇ ದಿನಾರಿಗೆ ಒಂದಕ್ಕೊಂದು ಹೊಸ ದಿನಾರ್ ಕೊಟ್ಟರು. ಉತ್ತರದ ಕುರ್ದ್ ಪ್ರದೇಶದಲ್ಲಿ ಓಡುತ್ತಿದ್ದ, ಜನ 'ಸ್ವಿಸ್ ದಿನಾರ್' ಎಂದು ಕರೆಯುತ್ತಿದ್ದ ಇನ್ನೂ ಹಳೆಯ ನೋಟಿಗೆ ಒಂದಕ್ಕೆ 150 ಕೊಟ್ಟರು. ಜನವರಿ 15 ದಾಟಿದ ಮೇಲೆ ಎರಡೂ ಕಾಗದ. ನಾಣ್ಯ ಸಂಗ್ರಹಿಸುವವರು ನೂರಿನ್ನೂರು ರೂಪಾಯಿ ಕೊಟ್ಟಾರು, ಅಷ್ಟೆ.

ಈಗ ನಡೆಯುವ 25,000ದ ನೋಟಿನಲ್ಲಿ ಗೋಧಿಯ ಸಿವುಡು ಹಿಡಿದ ಕುರ್ದ್ ರೈತ ಹೆಣ್ಣುಮಗಳು, ಪಕ್ಕದಲ್ಲಿ ಟ್ರ್ಯಾಕ್ಟರ್, ಹಿಂಬದಿಯಲ್ಲಿ ಪ್ರಾಚೀನ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಿಲ್ಪ. 2003ರ ಸರಣಿಯ ಹಸಿರು 10,000ದ ನೋಟಿನಲ್ಲಿ ಬೆಳಕಿನ ಬಗ್ಗೆ ಬರೆದ ವಿಜ್ಞಾನಿ ಇಬ್ನ್ ಅಲ್ ಹೈಥಮ್, ಹಿಂದೆ ಮೋಸುಲಿನ ವಾಲಿದ ಅಲ್ ಹದ್ಬಾ ಮಿನಾರು. (2017ರ ಜೂನಿನಲ್ಲಿ ಐಸಿಸ್‌ನವರು ಆ ಮಿನಾರನ್ನು ಸಿಡಿಸಿ ಉರುಳಿಸಿದ ದಿನ, ಕೌಂಟರಿನಲ್ಲಿದ್ದ ಆ ನೋಟುಗಳನ್ನು ನೋಡಿ ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಎಂಟುನೂರು ವರ್ಷದ ಕಟ್ಟಡ. ಈಗ ಅದನ್ನು ಮತ್ತೆ ಕಟ್ಟಿದ್ದಾರೆ.) ನೋಟನ್ನು ಬೆಳಕಿಗೆ ಹಿಡಿದರೆ ಕುದುರೆಯ ತಲೆಯ ನೀರುಗುರುತು ಕಾಣಬೇಕು. ಅಕ್ಷರಗಳ ಮೇಲೆ ಉಗುರು ಆಡಿಸಿದರೆ ಉಬ್ಬು ತಾಗಬೇಕು. ಬಣ್ಣದ ಜೆರಾಕ್ಸ್ ನೋಟು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಮಡಿಕೆಯಲ್ಲಿ ಹರಿದ, ಶಾಯಿ ಬಿದ್ದ, ಗೆದ್ದಲು ತಾಗಿದ ನೋಟನ್ನು ಇರಾಕಿನ ಹೊರಗೆ ಯಾರೂ ತೆಗೆದುಕೊಳ್ಳುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲ ನೋಟಿಗೆ ದೊಡ್ಡ ಶತ್ರು. ಮಾರುವವರೆಗಾದರೂ ಒಣಗಿದ ಡಬ್ಬಿಯಲ್ಲಿಡಿ, ರಬ್ಬರ್ ಬ್ಯಾಂಡ್ ಹಾಕಬೇಡಿ.

ಇವತ್ತಿನ ಬೆಲೆ ಲೆಕ್ಕ ಹಾಕಿ, ಕಾಗದದ ಮೇಲೆ

ಇರಾಕಿನ ಕೇಂದ್ರ ಬ್ಯಾಂಕು 2023ರ ಫೆಬ್ರವರಿಯಿಂದ ಒಂದು ಡಾಲರಿಗೆ 1,300 ದಿನಾರಿನ ದರ ಇಟ್ಟುಕೊಂಡಿದೆ. ಈ ಅಂಕಿ ಕಡಿಮೆಯಾದಷ್ಟೂ ದಿನಾರಿನ ಬೆಲೆ ಹೆಚ್ಚು. ಬ್ಯಾಂಕುಗಳಿಗೆ ಡಾಲರ್ 1,310ಕ್ಕೆ ಸಿಗುತ್ತದೆ. ಆ ಲೆಕ್ಕದಲ್ಲಿ ಹತ್ತು ಲಕ್ಷ ದಿನಾರ್ ಎಂದರೆ 763 ಡಾಲರ್. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ ಸುಮಾರು 64,900 ರೂಪಾಯಿ. ಒಂದು ದಿನಾರಿಗೆ ಆರೂವರೆ ಪೈಸೆ. ನೀವು ಮಾಡುವ ದಿನದ ಡಾಲರ್ ದರ ಹಾಕಿಕೊಳ್ಳಿ.

ಆದರೆ ಇದು ಪುಸ್ತಕದ ಬೆಲೆ. ಬಾಗ್ದಾದಿನ ಅಲ್ ಕಿಫಾಹ್ ಎಂಬ ವಿನಿಮಯ ಪೇಟೆಯಲ್ಲಿ ಜನ ಕೈಯಿಂದ ಕೈಗೆ ಡಾಲರ್ ಕೊಳ್ಳುವ ದರ ಬೇರೆ. 2023ರ ಜನವರಿಯಲ್ಲಿ ಅಲ್ಲಿ ಡಾಲರ್ 1,600 ದಾಟಿತ್ತು. ಫೆಬ್ರವರಿಯಲ್ಲಿ ಸರ್ಕಾರ ಅಧಿಕೃತ ದರವನ್ನು 1,450ರಿಂದ 1,300ಕ್ಕೆ ತಂದಾಗ ದಿನಾರ್ ಹಿಡಿದವರೆಲ್ಲ ಹಬ್ಬ ಮಾಡಿದರು. ನನಗೇ ಒಂದೇ ದಿನ ಹನ್ನೊಂದು ಫೋನು ಬಂತು. "ಶುರುವಾಯ್ತಲ್ಲ ಅಣ್ಣ!" ಆದರೆ ಅಲ್ ಕಿಫಾಹಿನಲ್ಲಿ ಆ ವರ್ಷವೆಲ್ಲ ದರ 1,500ರ ಆಸುಪಾಸಿನಲ್ಲೇ ಓಡಾಡಿತು. ನೋಟು ಹಿಡಿದವನಿಗೆ ಸಿಗುವುದು ಪೇಟೆಯ ದರ, ಅದರಲ್ಲೂ ವಿನಿಮಯದವನ ಲಾಭ ಕಳೆದು. ದೂರದ ದೇಶದಲ್ಲಿ, ಗಿರಾಕಿ ಕಡಿಮೆ ಇರುವ ಕಡೆ, ಆ ಲಾಭ ನೂರಕ್ಕೆ ಹದಿನೈದು ಇಪ್ಪತ್ತು ಇರುವುದು ಸಾಮಾನ್ಯ.

ಕೊಳ್ಳುವ ಯೋಚನೆಯಲ್ಲಿದ್ದವರು ಈ ಲೆಕ್ಕವನ್ನು ತಿರುಗಿಸಿ ಮಾಡಿ. ಹತ್ತು ಲಕ್ಷ ದಿನಾರಿಗೆ ಒಬ್ಬ ಮಧ್ಯವರ್ತಿ 90,000 ರೂಪಾಯಿ ಕೇಳುತ್ತಾನೆ ಎಂದುಕೊಳ್ಳಿ. ಮುಂದೆ ಮಾರುವಾಗ ನೂರಕ್ಕೆ 15 ಮುರಿದು ಕೊಡುತ್ತಾರೆ. ಹಾಕಿದ 90,000 ಮಾತ್ರ ವಾಪಸ್ ಬರಬೇಕಾದರೂ ದಿನಾರ್ ಡಾಲರಿಗೆ 1,310ರಿಂದ ಸುಮಾರು 800ಕ್ಕೆ ಬರಬೇಕು. ಕಳೆದ ಇಪ್ಪತ್ತು ವರ್ಷದಲ್ಲಿ ದಿನಾರಿನ ಅತ್ಯಂತ ಒಳ್ಳೆಯ ಕಾಲ ಎಂದರೆ 2006ರಿಂದ 2008. ಆಗ ಅದು 1,470ರ ಹತ್ತಿರದಿಂದ 1,170ಕ್ಕೆ ಬಂತು. ನೂರಕ್ಕೆ 25ರಷ್ಟು ಏರಿಕೆ. ಆಮೇಲೆ ಹತ್ತು ಹನ್ನೆರಡು ವರ್ಷ ಕದಲದೆ ನಿಂತು, 2020ರ ಡಿಸೆಂಬರಿನಲ್ಲಿ ಸರ್ಕಾರವೇ ಅದನ್ನು 1,450ಕ್ಕೆ ಇಳಿಸಿತು. 2004ರಲ್ಲಿ ಕೊಂಡವನು ಹದಿನಾರು ವರ್ಷ ಕಾದು ಹೊರಟ ಜಾಗಕ್ಕೇ ಬಂದು ನಿಂತ. ಬಡ್ಡಿ ಇಲ್ಲ, ಬಾಡಿಗೆ ಇಲ್ಲ.

ಕಾಯುವವರು ಏನನ್ನು ಕಾಯುತ್ತಿದ್ದಾರೆ

ನನ್ನ ಕೌಂಟರಿನ ಮುಂದೆ ಆ ಕಾಯುವಿಕೆ ಹೇಗೆ ನಡೆಯಿತು ಎಂದು ಹೇಳುತ್ತೇನೆ. ನಿಮ್ಮ ಮನೆಯವರಿಗೆ ತಿಳಿಸಿ ಹೇಳುವಾಗ ಇದು ಬೇಕಾಗುತ್ತದೆ.

2005ರಲ್ಲಿ ಚುನಾವಣೆ ಆದರೆ ಸಾಕು ಎಂದರು. ಆ ವರ್ಷ ಎರಡು ಚುನಾವಣೆ ಆಯಿತು. 2006ರ ಡಿಸೆಂಬರ್ 30ರಂದು ಸದ್ದಾಮನನ್ನು ಗಲ್ಲಿಗೇರಿಸಿದಾಗ "ಇನ್ನು ದಾರಿ ಸಾಫ್" ಎಂದರು. 2010ರ ಮಾರ್ಚಿನಲ್ಲಿ ಮತದಾನ ನಡೆದು, ಪ್ರಧಾನಿ ನೂರಿ ಅಲ್ ಮಾಲಿಕಿಯ ಸರ್ಕಾರ ರಚನೆಯಾಗಲು ಡಿಸೆಂಬರ್ ಬಂತು. ಆ ಒಂಬತ್ತು ತಿಂಗಳು ನಮ್ಮ ಅಂಗಡಿಯಲ್ಲಿ ದಿನಾರ್ ಮಾರಾಟ ಕಂಡಷ್ಟು ನಾನು ಮತ್ತೆ ಕಾಣಲಿಲ್ಲ. ಸರ್ಕಾರ ಆಗುವ ಮೊದಲೇ ಕೊಂಡಿಡಬೇಕು ಎಂಬ ಧಾವಂತ. ಗಂಗೊಳ್ಳಿಯ ಆ ಹೆಂಗಸಿನ ಗಂಡ ಕೊಂಡದ್ದು ಅದರ ಮರುವರ್ಷ. 2011ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯ ಹೋಯಿತು. ಆಗಲೂ ಕಾದರು. 2014ರ ಜೂನಿನಲ್ಲಿ ಮೋಸುಲ್ ಐಸಿಸ್ ಕೈಗೆ ಬಿತ್ತು. ಯಾರೋ ಒಬ್ಬರು ಕೌಂಟರಿನಲ್ಲಿ ಅತ್ತದ್ದನ್ನು ನೋಡಿದ್ದೇನೆ. 2017ರ ಡಿಸೆಂಬರಿನಲ್ಲಿ ಐಸಿಸ್ ಮೇಲೆ ಗೆಲುವು ಘೋಷಣೆಯಾಯಿತು. 2021ರ ಅಕ್ಟೋಬರಿನ ಚುನಾವಣೆಯ ನಂತರ ಸರ್ಕಾರ ಬರಲು ಒಂದು ವರ್ಷವೇ ಹಿಡಿಯಿತು. 2022ರ ಆರಂಭದಲ್ಲಿ, 1990ರ ಆಕ್ರಮಣಕ್ಕಾಗಿ ಕುವೈತಿಗೂ ನಷ್ಟವಾದ ಇತರರಿಗೂ ಕೊಡಬೇಕಾಗಿದ್ದ 5,240 ಕೋಟಿ ಡಾಲರ್ ಪರಿಹಾರವನ್ನು ಇರಾಕ್ ತೀರಿಸಿ ಮುಗಿಸಿತು. ಇದೊಂದು ಬಾಕಿ ತೀರಲಿ, ಮರುದಿನವೇ ಏರುತ್ತದೆ ಎಂದು ಇಪ್ಪತ್ತು ವರ್ಷ ಹೇಳಿದವರಿದ್ದರು.

ಕಾಯುತ್ತಿದ್ದ ಸಂಗತಿಗಳೆಲ್ಲ ಒಂದೊಂದಾಗಿ ನಡೆದವು. ಬಾಗ್ದಾದು 2006ರಲ್ಲಿ ಇದ್ದುದಕ್ಕೂ ಇವತ್ತಿಗೂ ಹೋಲಿಕೆಯೇ ಇಲ್ಲ. ನಾನು ಇದನ್ನು ಸಂತೋಷದಿಂದ ಬರೆಯುತ್ತೇನೆ, ಅಲ್ಲಿಯ ಜನ ನನ್ನ ಕಣ್ಣೆದುರು ಬಹಳ ನೊಂದಿದ್ದಾರೆ. ಆದರೂ ದಿನಾರು ಮೂರು ಡಾಲರ್ ಆಗಲಿಲ್ಲ. ಒಂದು ಡಾಲರೂ ಆಗಲಿಲ್ಲ. ಒಂದು ಸೆಂಟಿನ ಹತ್ತನೇ ಒಂದು ಭಾಗದಿಂದ ಮೇಲೆದ್ದೇ ಇಲ್ಲ.

ಕಾರಣ ಇಷ್ಟೇ: ದೇಶ ಸ್ಥಿರವಾದರೆ ಕೇಂದ್ರ ಬ್ಯಾಂಕು ದರವನ್ನೂ ಸ್ಥಿರವಾಗಿಡುತ್ತದೆ. ಅವರ ಹೆಮ್ಮೆಯೇ ಅದು. ಅಂಗಡಿಯವನಿಗೆ, ಸಂಬಳದವನಿಗೆ, ಮನೆ ಕಟ್ಟುವವನಿಗೆ ನಾಳೆಯೂ ಇದೇ ಬೆಲೆ ಎಂಬ ಭರವಸೆ ಕೊಡುವುದು. ನೀವು ಸ್ಥಿರತೆಯನ್ನು ಕಾಯುತ್ತಿದ್ದೀರಿ, ಅದು ಬಂದ ದಿನ ನಿಮ್ಮ ನೋಟಿನ ಬೆಲೆ ಕದಲದೆ ನಿಲ್ಲುತ್ತದೆ.

ಲೆಬನಾನ್ ನೋಡಿ. ಅಲ್ಲಿಯ ಪೌಂಡ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಡಾಲರಿಗೆ 1,507ರಲ್ಲಿ ಕೂತಿತ್ತು. 2019ರಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದ ಮೇಲೆ ಕುಸಿದು ಕುಸಿದು 89,500ಕ್ಕೆ ಬಂದು ನಿಂತಿತು. ರಾಷ್ಟ್ರಪತಿ ಬಂದರೆ ಏರುತ್ತದೆ ಎಂದು ಹಲವರು ಕಾದರು. ಎರಡು ವರ್ಷ ಖಾಲಿಯಿದ್ದ ಆ ಕುರ್ಚಿಗೆ 2025ರ ಜನವರಿ 9ರಂದು ಜೋಸೆಫ್ ಔನ್ ಆಯ್ಕೆಯಾದರು. ದರ 89,500ರಲ್ಲೇ ಉಳಿಯಿತು.

ಮೂರು ಡಾಲರಿನ ಕಥೆ ಎಲ್ಲಿಂದ ಬಂತು

ಇದು ಸುಳ್ಳಿನಿಂದ ಹುಟ್ಟಿದ್ದಲ್ಲ, ಅದಕ್ಕೇ ಇಷ್ಟು ಗಟ್ಟಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಬಸ್ರಾ, ಬಾಗ್ದಾದು ಹಿಡಿದ ಮೇಲೆ ಅಲ್ಲಿ ಓಡಿದ್ದು ನಮ್ಮ ರೂಪಾಯಿ. 1932ರಲ್ಲಿ ಇರಾಕ್ ತನ್ನದೇ ದಿನಾರ್ ತಂದಾಗ ಒಂದು ದಿನಾರಿಗೆ ಹದಿಮೂರು ರೂಪಾಯಿ ಮತ್ತು ಮೂರನೇ ಒಂದು ಪಾಲು ಎಂದು ಇಟ್ಟರು, ಅಂದರೆ ಒಂದು ಬ್ರಿಟಿಷ್ ಪೌಂಡಿಗೆ ಸಮ. 1980ರ ದಶಕದಲ್ಲಿ ಅಧಿಕೃತ ದರ ಮೂರು ಡಾಲರಿಗೂ ಮೇಲೆ ಇತ್ತು. ಅಷ್ಟು ಬೆಲೆಯ ಹಣ ಮತ್ತೆ ಅಲ್ಲಿಗೇ ಹೋಗುತ್ತದೆ ಎಂಬುದು ಜನರ ನಂಬಿಕೆ.

1991ರ ನಂತರ, ವಿಶ್ವಸಂಸ್ಥೆಯ ಆರ್ಥಿಕ ನಿರ್ಬಂಧದ ಕಾಲದಲ್ಲಿ, ಸದ್ದಾಂ ಸರ್ಕಾರ ಖರ್ಚು ತುಂಬಿಸಲು ಸ್ಥಳೀಯವಾಗಿ ನೋಟು ಮುದ್ರಿಸುತ್ತಲೇ ಹೋಯಿತು. ಬೆಲೆ ಬಿದ್ದದ್ದು ಹಾಗೆ. ಈಗ ಚಲಾವಣೆಯಲ್ಲಿರುವ ನೋಟು ನೂರು ಲಕ್ಷ ಕೋಟಿ ದಿನಾರಿನ ಆಸುಪಾಸು. ಪ್ರತಿ ದಿನಾರಿಗೂ ಮೂರು ಡಾಲರ್ ಕೊಡಬೇಕಾದರೆ ಮುನ್ನೂರು ಲಕ್ಷ ಕೋಟಿ ಡಾಲರ್ ಬೇಕು. ಇಡೀ ಪ್ರಪಂಚದ ಒಂದು ವರ್ಷದ ಉತ್ಪನ್ನ ಒಟ್ಟು ಸೇರಿಸಿದರೂ ಅದರ ಅರ್ಧ ಆಗುವುದಿಲ್ಲ.

ಈ ದೊಡ್ಡ ಅಂಕಿ ತಲೆಗೆ ಹೋಗದಿದ್ದರೆ ಸಂಬಳದ ಲೆಕ್ಕ ಹೇಳಿ. ನಾನು ಹಾಗೇ ಹೇಳುವುದು. ಇರಾಕ್ ಸರ್ಕಾರದ ವರಮಾನದಲ್ಲಿ ನೂರಕ್ಕೆ ತೊಂಬತ್ತರಷ್ಟು ಕಚ್ಚಾತೈಲದ್ದು. ಆ ಹಣ ಡಾಲರಿನಲ್ಲಿ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿರುವ ಇರಾಕಿನ ಖಾತೆಗೆ ಬೀಳುತ್ತದೆ. ಹಣಕಾಸು ಇಲಾಖೆ ಆ ಡಾಲರನ್ನು ತಮ್ಮ ಕೇಂದ್ರ ಬ್ಯಾಂಕಿಗೆ ಮಾರಿ ದಿನಾರ್ ಪಡೆಯುತ್ತದೆ. ಆ ದಿನಾರಿನಲ್ಲಿ ನೌಕರರ ಸಂಬಳ, ಪಿಂಚಣಿ, ರಸ್ತೆ, ಆಸ್ಪತ್ರೆ. 2023ರ ಬಜೆಟ್ಟು ಸುಮಾರು 199 ಲಕ್ಷ ಕೋಟಿ ದಿನಾರ್. ವರ್ಷಕ್ಕೆ ತೈಲದಿಂದ 9,000 ಕೋಟಿ ಡಾಲರ್ ಬಂತು ಎಂದು ಹಿಡಿಯಿರಿ. 1,300ರ ದರದಲ್ಲಿ ಅದು 117 ಲಕ್ಷ ಕೋಟಿ ದಿನಾರ್ ಆಗುತ್ತದೆ, ಸಾಲವೋ ಸೋಲವೋ ಮಾಡಿ ದೇಶ ನಡೆಯುತ್ತದೆ. ಒಂದು ದಿನಾರಿಗೆ ಒಂದು ಡಾಲರ್ ಮಾಡಿದರೆ? 9,000 ಕೋಟಿ ದಿನಾರ್ ಮಾತ್ರ. ಆ ಬಜೆಟ್ಟಿನ ಪ್ರಕಾರ ವರ್ಷದ ತೈಲವೆಲ್ಲ ಮಾರಿದ ಹಣ ನಾಲ್ಕು ಗಂಟೆಯ ಖರ್ಚಿಗೆ ಸಾಕು. ಬಸ್ರಾದ ಶಾಲೆಯ ಮೇಷ್ಟ್ರಿಗೆ ತಿಂಗಳಿಗೆ ಏಳು ಲಕ್ಷ ದಿನಾರ್ ಸಂಬಳ ಎಂದುಕೊಂಡರೆ ಅವರಿಗೆ ತಿಂಗಳಿಗೆ ಏಳು ಲಕ್ಷ ಡಾಲರ್ ಕೊಡಬೇಕು. ಯಾವ ಪ್ರಧಾನಿ ಬಂದರೂ, ಎಷ್ಟು ಗಟ್ಟಿ ಸರ್ಕಾರವಾದರೂ, ಇದನ್ನು ಮಾಡುವ ದಾರಿಯೇ ಇಲ್ಲ. 2020ರಲ್ಲಿ ತೈಲದ ಬೆಲೆ ಬಿದ್ದು ಸಂಬಳಕ್ಕೆ ತತ್ವಾರವಾದಾಗ ಅವರು ಮಾಡಿದ್ದು ಇದಕ್ಕೆ ತಿರುಗುಮುರುಗು: ಅದೇ ಡಾಲರಿಗೆ ಹೆಚ್ಚು ದಿನಾರ್ ಸಿಗಲಿ ಎಂದು ದಿನಾರನ್ನು ಅಗ್ಗ ಮಾಡಿದರು.

"ಕುವೈತಿ ದಿನಾರ್ ಮತ್ತೆ ಎದ್ದಿತಲ್ಲ?" ಎಂದು ಕೇಳಿಯೇ ಕೇಳುತ್ತಾರೆ. ನಮ್ಮ ಕರಾವಳಿಯಲ್ಲಂತೂ, 1990ರಲ್ಲಿ ಜೋರ್ಡಾನಿನ ಅಮ್ಮಾನಿನ ದಾರಿಯಾಗಿ ಏರ್ ಇಂಡಿಯಾ ವಿಮಾನದಲ್ಲಿ ಬರಿಗೈಯಲ್ಲಿ ಬಂದಿಳಿದವರ ಮನೆಗಳಲ್ಲಿ, ಈ ಪ್ರಶ್ನೆ ಬರುವುದು ನ್ಯಾಯವೇ. ಸದ್ದಾಂ ಆಗ ಕುವೈತಿ ದಿನಾರನ್ನು ರದ್ದು ಮಾಡಿ ಇರಾಕಿ ದಿನಾರಿಗೆ ಒಂದಕ್ಕೊಂದು ಎಂದ. ಕುವೈತಿನ ಸರ್ಕಾರ ಸೌದಿಯ ತಾಯಿಫಿನಲ್ಲಿ ಕೂತು ನಡೆಯಿತು, ಹೊರದೇಶಗಳಲ್ಲಿ ಅದು ಕೂಡಿಟ್ಟಿದ್ದ ಆಸ್ತಿ ಹಾಗೇ ಇತ್ತು. 1991ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಮೇಲೆ ಮಾರ್ಚಿನಲ್ಲಿ ಹೊಸ ನೋಟು ತಂದು ತಮ್ಮ ಹಳೇ ದರವನ್ನೇ ಮುಂದುವರಿಸಿದರು. ಲೂಟಿಯಾದ ನೋಟುಗಳ ಸರಣಿಗಳನ್ನು ಮಾತ್ರ ಮಾನ್ಯ ಮಾಡಲಿಲ್ಲ. ಅಲ್ಲಿ ಏಳು ತಿಂಗಳು ಕಸಿದಿದ್ದ ಹಣ ವಾಪಸ್ ಬಂತು, ನೋಟುಗಳೂ ಲೆಕ್ಕಕ್ಕೆ ಸಿಗುವಷ್ಟೇ ಇದ್ದವು. ಇರಾಕಿನಲ್ಲಿ ಮುದ್ರಿಸಿ ಮುದ್ರಿಸಿ ತೆಳುವಾದ ಹಣ ಅದು. ಎರಡೂ ಒಂದೇ ಅಲ್ಲ.

ಸೊನ್ನೆ ತೆಗೆಯುವ ಸುದ್ದಿ ಬಂದರೆ

ಇದೊಂದು ವಿಷಯಕ್ಕೆ ನೀವು ನಿಜವಾಗಿ ಹುಷಾರಾಗಿರಬೇಕು. ದಿನಾರಿನಿಂದ ಮೂರು ಸೊನ್ನೆ ತೆಗೆಯುವ ಮಾತನ್ನು ಬಾಗ್ದಾದು ಹತ್ತಾರು ವರ್ಷದಿಂದ ಆಡುತ್ತಲೇ ಇದೆ. ಹಾಗಾದರೆ ತಮ್ಮ ನೋಟಿನ ಬೆಲೆ ಏರುತ್ತದೆ ಎಂದು ಕಾಯುವವರು ತಿಳಿಯುತ್ತಾರೆ. ಆದರೆ ನಿಮ್ಮ 25,000ದ ನೋಟಿಗೆ 25 ಹೊಸ ದಿನಾರ್ ಕೊಡುತ್ತಾರೆ. 1,000 ದಿನಾರಿನ ರೊಟ್ಟಿ ಒಂದು ದಿನಾರ್ ಆಗುತ್ತದೆ. ತುರ್ಕಿ 2005ರ ಜನವರಿ 1ರಂದು ಆರು ಸೊನ್ನೆ ತೆಗೆಯಿತು, ಹತ್ತು ಲಕ್ಷ ಹಳೇ ಲಿರಾ ಒಂದು ಹೊಸ ಲಿರಾ ಆಯಿತು. ಹಿಂದಿನ ರಾತ್ರಿ ಬಡವನಾಗಿದ್ದವನು ಬೆಳಿಗ್ಗೆಯೂ ಬಡವನೇ.

ಅಪಾಯ ಬೇರೆಯದು. ನೋಟು ಬದಲಾದರೆ ಹಳೆಯದನ್ನು ಕೊಡಲು ಗಡುವು ಇರುತ್ತದೆ, ಕೊಡಬೇಕಾದದ್ದು ಇರಾಕಿನ ಬ್ಯಾಂಕಿನಲ್ಲಿ. 2003ರಲ್ಲಿ ಸಿಕ್ಕಿದ್ದು ಮೂರೇ ತಿಂಗಳು. ಗಂಗೊಳ್ಳಿಯ ಬಿಸ್ಕತ್ತು ಡಬ್ಬಿಯಿಂದ ಬಾಗ್ದಾದಿಗೆ ಅಷ್ಟರೊಳಗೆ ನೋಟು ತಲುಪಿಸುವವರು ಯಾರು? ಕಾಯುವವರು ಹಾರೈಸುವ ದಿನವೇ ಅವರ ನೋಟು ಕಾಗದವಾಗುವ ದಿನ ಆಗಬಹುದು.

ಮಾರುವುದು ಹೇಗೆ

ಮೊದಲು ಕಾನೂನು. ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಪ್ರಕಾರ ಭಾರತದಲ್ಲಿ ವಾಸಿಸುವವರು 2,000 ಡಾಲರಿಗೆ ಸಮನಾದ ವಿದೇಶಿ ನೋಟನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ದೇಶಕ್ಕೆ ಮರಳಿದ 180 ದಿನದೊಳಗೆ ಪರವಾನಗಿ ಇರುವ ಕಡೆ ಒಪ್ಪಿಸಬೇಕು. ಹತ್ತು ಲಕ್ಷ ಇರಾಕಿ ದಿನಾರ್ ಈ ಮಿತಿಯೊಳಗೇ ಇದೆ. ಮೂವತ್ತು ಲಕ್ಷ ಇದ್ದರೆ ಮಿತಿ ದಾಟಿತು, ಆಗ ಒಬ್ಬ ಚಾರ್ಟರ್ಡ್ ಅಕೌಂಟೆಂಟರನ್ನು ಕೇಳಿಯೇ ಮುಂದುವರಿಯಿರಿ. ಪಕ್ಕದ ಮನೆಯವರಿಗೆ, ಪರಿಚಯದ ಯಾತ್ರಿಗೆ ಕೈಯಿಂದ ಕೈಗೆ ಮಾರಬೇಡಿ. ವಿದೇಶಿ ನೋಟನ್ನು ಕೊಳ್ಳುವ ಅಧಿಕಾರ ಇರುವುದು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕು ಮತ್ತು ಮನಿ ಚೇಂಜರುಗಳಿಗೆ ಮಾತ್ರ.

ಮಂಗಳೂರು, ಉಡುಪಿಯಲ್ಲಿ ಕೇಳಿದರೆ ಹೆಚ್ಚಿನವರು ತಲೆ ಅಲ್ಲಾಡಿಸುತ್ತಾರೆ. ಡಾಲರ್, ದಿರ್ಹಮ್, ರಿಯಾಲ್ ಸಾಕು ಅವರಿಗೆ. ಇರಾಕಿ ದಿನಾರಿಗೆ ನಿಜವಾದ ಗಿರಾಕಿ ಇರುವುದು ಇರಾಕಿನ ಕರ್ಬಲಾ, ನಜಫ್ ಎಂಬ ಶಿಯಾ ಪುಣ್ಯಕ್ಷೇತ್ರಗಳ ಯಾತ್ರೆಗೆ ಜನ ಹೊರಡುವ ಕಡೆ. ಗೌರಿಬಿದನೂರು ತಾಲೂಕಿನ ಅಲೀಪುರ, ಬೆಂಗಳೂರಿನ ಶಿಯಾ ಕುಟುಂಬಗಳಿರುವ ಬಡಾವಣೆಗಳು. ಅಲ್ಲಿಂದ ಅರ್ಬಯೀನ್ (ಕರ್ಬಲಾದಲ್ಲಿ ವರ್ಷಕ್ಕೊಮ್ಮೆ ನಡೆಯುವ ಶಿಯಾ ಯಾತ್ರೆ) ಸಮಯಕ್ಕೆ ತುಂಬ ಜನ ಹೋಗುತ್ತಾರೆ, ಅವರಿಗೆ ಅಲ್ಲಿಯ ಚಿಲ್ಲರೆ ಬೇಕು. ಬೆಂಗಳೂರಿನ ಪರವಾನಗಿ ಇರುವ ಮನಿ ಚೇಂಜರುಗಳಿಗೆ ಅರ್ಬಯೀನಿಗೆ ಒಂದೆರಡು ತಿಂಗಳ ಮೊದಲು ಫೋನು ಮಾಡಿ. ಐದಾರು ಕಡೆ ಕೇಳಿ, ದರ ಬರೆದುಕೊಳ್ಳಿ. ಪ್ರತಿ ದಿನಾರಿಗೆ ಎಷ್ಟು ಪೈಸೆ ಎಂದೇ ಕೇಳಬೇಕು. ಲಕ್ಷಕ್ಕೆ ಎಷ್ಟು ಎಂದು ಕೇಳಿದರೆ ಸೊನ್ನೆಯಲ್ಲಿ ಮೋಸಹೋಗುತ್ತೀರಿ. ಹೋಗುವಾಗ ಪಾಸ್‌ಪೋರ್ಟು, ಪ್ಯಾನ್ ಒಯ್ಯಿರಿ. ಹಣ ಖಾತೆಗೇ ಹಾಕಿಸಿಕೊಂಡು ಎನ್‌ಕ್ಯಾಶ್‌ಮೆಂಟ್ ಸರ್ಟಿಫಿಕೇಟ್, ಅಂದರೆ ನೋಟು ಮಾರಿದ್ದಕ್ಕೆ ಪುರಾವೆಯ ಚೀಟಿ, ಕೇಳಿ ಪಡೆಯಿರಿ.

ಇನ್ನೂ ಕೊಲ್ಲಿಯಲ್ಲೇ ಇರುವವರು ಅಲ್ಲೇ ಮಾರಿ ಮುಗಿಸಿ, ಊರಿಗೆ ತರಬೇಡಿ. ಕುವೈತಿನಲ್ಲಿ ಸಿಗುವ ದರ ಸಾಮಾನ್ಯವಾಗಿ ಇಲ್ಲಿಗಿಂತ ಮೇಲು.

ಕೊಳ್ಳಲು ಹೇಳುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. "ಮುಂದಿನ ಮಂಗಳವಾರ", "ಒಳಗಿನ ಸುದ್ದಿ", "ಈಗ ನೂರಕ್ಕೆ ಹತ್ತು ಕಟ್ಟಿ ಕಾದಿರಿಸಿ" ಎಂಬ ಮಾತು ಬಂದರೆ ಫೋನು ಇಡಿ. ಅಮೆರಿಕದ ಅಟ್ಲಾಂಟಾದಲ್ಲಿ ಹೀಗೇ ದಿನಾರ್ ಮಾರಿದ ಕಂಪನಿಯ ಮುಖ್ಯಸ್ಥರ ಮೇಲೆ 2018ರಲ್ಲಿ ವಂಚನೆಯ ಅಪರಾಧ ಸಾಬೀತಾಗಿದೆ. ಆ್ಯಪಿನಲ್ಲಿ ದಿನಾರ್ ವ್ಯಾಪಾರ ಎಂದು ಯಾರಾದರೂ ತೋರಿಸಿದರೆ, ನಮ್ಮ ದೇಶದ ಷೇರುಪೇಟೆಗಳಲ್ಲಿ ಕಾನೂನುಬದ್ಧವಾಗಿ ಓಡುವುದು ರೂಪಾಯಿ, ಡಾಲರ್, ಯೂರೋ, ಪೌಂಡ್, ಯೆನ್ ಜೋಡಿಗಳು ಮಾತ್ರ ಎಂದು ನೆನಪಿಡಿ. ಅನುಮತಿ ಇಲ್ಲದ ತಾಣಗಳ ಹೆಸರುಗಳನ್ನು ರಿಸರ್ವ್ ಬ್ಯಾಂಕು 2022ರಿಂದ ಪಟ್ಟಿ ಮಾಡಿ ಹಾಕುತ್ತಿದೆ, ಒಮ್ಮೆ ನೋಡಿ.

ಮನೆಯವರಿಗೆ ಹೇಳುವಾಗ

ಇದೇ ಕಷ್ಟದ ಕೆಲಸ. ಹದಿನಾಲ್ಕು ವರ್ಷ ಕಾದವರಿಗೆ "ನೀವು ಮೋಸಹೋದಿರಿ" ಎಂದರೆ ಅವರು ಇನ್ನೂ ಹದಿನಾಲ್ಕು ವರ್ಷ ಕಾಯುತ್ತಾರೆ. 48 ಡಿಗ್ರಿ ಬಿಸಿಲಿನಲ್ಲಿ ಲಾರಿ ಓಡಿಸಿ ಉಳಿಸಿದ ಹಣ ಅದು. ನೋಟು ಕೈಯಲ್ಲಿರುವಷ್ಟು ದಿನ ಆ ದುಡಿಮೆ ಇನ್ನೂ ಫಲ ಕೊಡಲಿದೆ ಎಂಬ ಆಸೆ ಜೀವಂತ. ನಾನು ಗಂಗೊಳ್ಳಿಯ ಆ ಡ್ರೈವರರ ಮನೆಗೇ ಹೋದೆ. ಸರಿ ತಪ್ಪು ಮಾತಾಡಲಿಲ್ಲ, ಕುವೈತಿನ ವಿಷಯ ಮಾತಾಡಿದೆವು, ಅವರು ಓಡಿಸಿದ ಟ್ಯಾಂಕರಿನ ಬಗ್ಗೆ, ಕುವೈತ್-ಇರಾಕ್ ನಡುವಿನ ಸಫ್ವಾನ್ ಗಡಿಯಲ್ಲಿ ಸಾಲುಗಟ್ಟಿ ನಿಂತಿರುತ್ತಿದ್ದ ಲಾರಿಗಳ ಬಗ್ಗೆ. ಆಮೇಲೆ ಕಾಗದ ತೆಗೆದು ಆ ಮೇಷ್ಟ್ರ ಸಂಬಳದ ಲೆಕ್ಕ ಬರೆದೆ. ಎಡಗೈಯಿಂದ ಅವರೇ ಸೊನ್ನೆಗಳನ್ನು ಎಣಿಸಿದರು. ಎರಡು ಸಲ ಎಣಿಸಿದರು.

2011ರಲ್ಲಿ ಅವರು ಕೊಟ್ಟದ್ದು 280 ಕುವೈತಿ ದಿನಾರ್, ಆಗಿನ ದರದಲ್ಲಿ ಸುಮಾರು 46,000 ರೂಪಾಯಿ. ನೂರಕ್ಕೆ 8ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟಿದ್ದರೆ 1,35,000ದ ಹತ್ತಿರ ಆಗಿರುತ್ತಿತ್ತು. ಈ ಲೆಕ್ಕ ನನ್ನ ತಲೆಯಲ್ಲಿತ್ತು. ಅವರ ಎದುರು ಹೇಳಲಿಲ್ಲ, ನೀವೂ ಹೇಳಬೇಡಿ.

ಬೆಂಗಳೂರಿನ ಒಂದು ಪರವಾನಗಿ ಅಂಗಡಿ ದಿನಾರಿಗೆ ಐದು ಪೈಸೆಯಂತೆ ಒಪ್ಪಿತು. ಮಗನನ್ನು ಕರೆದುಕೊಂಡು ಅವರೇ ಹೋದರು, ಗಾಲಿಕುರ್ಚಿಯಲ್ಲಿ. 39 ನೋಟು ಕೊಟ್ಟರು. ಖಾತೆಗೆ 48,750 ರೂಪಾಯಿ ಬಂತು. ಅದರಲ್ಲಿ ಆ ವಾರವೇ ಫಿಸಿಯೋಥೆರಪಿಗೆ ಆರು ತಿಂಗಳ ಹಣ ಕಟ್ಟಿದರು. ಉಳಿದ ಒಂದು ನೋಟು, ಗೋಧಿ ಹಿಡಿದ ಹೆಣ್ಣುಮಗಳದ್ದು, ಅವರ ಹಾಸಿಗೆಯ ಪಕ್ಕದ ಗೋಡೆಯಲ್ಲಿ ಅವರ ಹಳೇ ಕುವೈತಿ ಡ್ರೈವಿಂಗ್ ಲೈಸೆನ್ಸಿನ ಜೊತೆ ಚೌಕಟ್ಟಿನಲ್ಲಿದೆ.